ಅರ್ಧ ದಾರಿಯಲ್ಲೇ ಇಳಿಯುವ ಓದುಗ

ಬೊಗೊಮಿರ್ ಲೇಬಾನ್ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿಕೊಂಡೇ ನಿವೃತ್ತರಾದವರು. ಯೆಸೆನಿತ್ಸೆಯಿಂದ ಹೊರಟು, ನಮ್ಮೂರು ಮೋಸ್ತ್ ದಾಟಿ, ಗೋರಿತ್ಸ ಸೇರುವ ಆ ಸುರಂಗಗಳ ದಾರಿಯಲ್ಲಿ ಅವರ ಕಣ್ಣು ತಪ್ಪಿಸಿ ಹೋದವನಿಲ್ಲ ಎಂಬುದು ಅವರದೇ ಹೇಳಿಕೆ. ಅದಕ್ಕೊಂದು ಸಿದ್ಧಾಂತವೂ ಇತ್ತು. ಟಿಕೆಟ್ ಇರುವವನು ನಿಮ್ಮ ಮುಖ ನೋಡುತ್ತಾನೆ. ಇಲ್ಲದವನು ಕಿಟಕಿಯಾಚೆಯ ಹಸುಗಳನ್ನು ವಿಪರೀತ ಆಸಕ್ತಿಯಿಂದ ನೋಡುತ್ತಾನೆ. ಮದುವೆಮನೆ, ಸಾವಿನಮನೆ ಎನ್ನದೆ ಎಲ್ಲ ಕಡೆಯೂ ಅವರು ಇದನ್ನು ಹೇಳುತ್ತಿದ್ದರು. ನಮ್ಮೂರಿನ ಯಾರನ್ನು ಕೇಳಿದರೂ ಆ ಹಸುಗಳ ವಿಷಯ ಬಾಯಿಪಾಠ.

ನಿವೃತ್ತಿಯಾದ ಮೇಲೆ ಹಿಡಿಯಲು ಕಳ್ಳರಿಲ್ಲದೆ ಒಂದು ಚಳಿಗಾಲವಿಡೀ ಮನೆಯಲ್ಲಿ ಶತಪಥ ಹಾಕಿದರು. ಅದನ್ನು ತಾಳಲಾರದೆ ಹೆಂಡತಿ ಮಿಲ್ಕಾ ಅವರನ್ನು ಊರಿನ ಗ್ರಂಥಾಲಯಕ್ಕೆ ಅಟ್ಟಿದಳು. ಅಲ್ಲಿ ಪತ್ತೇದಾರಿ ಕಾದಂಬರಿಗಳ ಒಂದು ಕಪಾಟು ಪೂರ್ತಿ ಅವರಿಗಾಗಿ ಕಾದಿತ್ತು.

ಗ್ರಂಥಾಲಯದಲ್ಲಿ ಪ್ರತಿ ವರ್ಷ ಓದಿನ ಪಂಥ ನಡೆಯುತ್ತದೆ, ಮುಗಿಸಿದವರಿಗೆ ಎದೆಗೆ ಚುಚ್ಚಿಕೊಳ್ಳುವ ಬಿಲ್ಲೆ. ಶಾಲೆಯ ಮಕ್ಕಳಿಗೆ ಇರುವುದೇ ದೊಡ್ಡವರಿಗೂ. ಬಿಲ್ಲೆಯ ಚಪಲ ಮೀಸೆ ಬಂದರೂ ಹೋಗುವುದಿಲ್ಲ. ಮೊದಲ ಹಿಮ ಬೀಳುವಾಗ ಶುರು ಮಾಡಿ ಈಸ್ಟರ್ ಹೊತ್ತಿಗೆ ಹನ್ನೆರಡು ಪುಸ್ತಕ ಓದಬೇಕು. ಒಂದೊಂದು ಮುಗಿದಾಗಲೂ ಗ್ರಂಥಪಾಲಕಿಯ ಎದುರು ಕೂತು ಅದರ ಬಗ್ಗೆ ಮಾತಾಡಬೇಕು, ಆಗ ಮಾತ್ರ ಅದು ಲೆಕ್ಕಕ್ಕೆ. ವಸಂತ ಬಂದ ಮೇಲೆ ಒಂದು ಸಂಜೆ ಎಲ್ಲರೂ ಸೇರಿ, ವೈನ್ ಕುಡಿದು, ಅಕ್ರೋಟು ತುಂಬಿದ ಸಿಹಿ ರೊಟ್ಟಿ ಪೊತಿತ್ಸಾ ತಿಂದು, ಬಿಲ್ಲೆ ಚುಚ್ಚಿಸಿಕೊಂಡು ಮನೆಗೆ ಹೋಗುತ್ತಾರೆ. ಹತ್ತು ವರ್ಷ ಬಿಡದೆ ಮಾಡಿದವರಿಗೆ ಚಿನ್ನದ ಬಣ್ಣದ ಬಿಲ್ಲೆ, ಜೊತೆಗೆ ಬಾಗಿಲ ಪಕ್ಕದ ಗೋಡೆಯ ಮೇಲೆ ಫೋಟೋ.

ಆ ಗೋಡೆಯ ಮೇಲೆ ಇದ್ದದ್ದು ಒಂದೇ ಫೋಟೋ, ಬೇಕರಿಯ ಸ್ಲಾವಿತ್ಸಾ ರುತಾರ್‌ಳದು. ಆಕೆ ಬೊಗೊಮಿರ್ ಜೊತೆ ಒಂದೇ ಬೆಂಚಿನಲ್ಲಿ ಕೂತು ಕಲಿತವಳು. ಗ್ರಂಥಾಲಯಕ್ಕೆ ಕಾಲಿಟ್ಟಾಗಲೆಲ್ಲ ಅವಳ ನಗು ಎದುರಾಗಿ ಅವರಿಗೆ ಅಂಗಿಯೊಳಗೆ ಹುಲ್ಲು ಸೇರಿಕೊಂಡ ಹಾಗಾಗುತ್ತಿತ್ತು. ಈ ವಸಂತಕ್ಕೆ ಅವರದೂ ಹತ್ತು ತುಂಬುವುದಿತ್ತು. ಫೋಟೋಕ್ಕೆಂದು ಹಳೆಯ ಸಮವಸ್ತ್ರದ ಕೋಟನ್ನು ಇಸ್ತ್ರಿ ಮಾಡಿಸಿ ಇಟ್ಟಾಗಿತ್ತು. ಅವಳ ಫೋಟೋದ ಪಕ್ಕ ಮೊಳೆಯನ್ನೂ ಅವರೇ ಹೊಡೆದು ಬಂದಿದ್ದರು.

ಅವರು ಓದುವ ಕ್ರಮ ಮಾತ್ರ ಮಿಲ್ಕಾಳೊಬ್ಬಳಿಗೇ ಗೊತ್ತು. ಪುಸ್ತಕದ ಅರ್ಧಕ್ಕೆ ಬರುವಷ್ಟರಲ್ಲಿ ಅವರು "ಸಿಕ್ಕಿಬಿದ್ದ!" ಎಂದು ಕೂಗಿ ಪುಸ್ತಕ ಮುಚ್ಚುತ್ತಿದ್ದರು. ಮತ್ತೆ ತೆರೆಯುತ್ತಿರಲಿಲ್ಲ.

"ಅಲ್ಲ ಕಣೋ, ಇನ್ನರ್ಧ ಹಾಗೇ ಉಳೀತಲ್ಲ?" ಎಂದಳು ಅವಳು ಒಮ್ಮೆ, ಹುಳಿ ಬರಿಸಿದ ಎಲೆಕೋಸು ಹಿಂಡುತ್ತಾ.

"ಟಿಕೆಟ್ ಇಲ್ದೋನ್ನ ಹಿಡಿದ ಮೇಲೆ ಅವನ ಜೊತೆ ಕೊನೇ ಸ್ಟೇಷನ್ ತನಕ ಹೋಗ್ತಾರೇನೇ?"

"ನೀನು ಹಿಡಿದೋನೇ ಕೊಲೆಗಾರ ಅಂತ ಹೇಗೆ ಗೊತ್ತು?"

"ಮುಖ ನೋಡಿದ್ರೆ ಗೊತ್ತಾಗತ್ತೆ."

"ಪುಸ್ತಕದಲ್ಲಿ ಮುಖ ಎಲ್ಲಿರತ್ತೋ!"

ಇಷ್ಟು ವರ್ಷ ಇದು ನಡೆದದ್ದು ಹಳೆಯ ಗ್ರಂಥಪಾಲಕಿ ದಾನಿತ್ಸಾಳ ದೆಸೆಯಿಂದ. ಆಕೆಗೂ ಪತ್ತೇದಾರಿ ಕಾದಂಬರಿಯೆಂದರೆ ಪ್ರಾಣ, ಆದರೆ ಓದಲು ಪುರುಸೊತ್ತಿಲ್ಲ. ಬೊಗೊಮಿರ್ ಕೊಲೆಯಾದ ಕೋಣೆ, ಅನುಮಾನದ ಸೋದರಳಿಯ, ಸುಳ್ಳು ಹೇಳುವ ಅಡುಗೆಯವಳು ಎಂದು ವರ್ಣಿಸುತ್ತಾ ಹೋದರೆ, ಅರ್ಧಕ್ಕೆ ಆಕೆ ಎರಡೂ ಕಿವಿ ಮುಚ್ಚಿಕೊಂಡು "ಸಾಕು ಸಾಕು, ಕೊನೆ ಹೇಳ್ಬೇಡಿ, ನಾನೂ ಓದ್ಬೇಕು!" ಎಂದು ಕೂಗಿ ಸಹಿ ಹಾಕುತ್ತಿದ್ದಳು. ಗುಟ್ಟು ಬಿಟ್ಟುಕೊಡದ ಸಭ್ಯ ಓದುಗ ಎಂದು ಬೊಗೊಮಿರ್‌ಗೆ ಹೆಸರು ಬಂತು. ಆ ಹೆಸರನ್ನು ಅವರು ಬೇಡವೆನ್ನಲಿಲ್ಲ.

ಈ ಚಳಿಗಾಲದ ಕೊನೆಗೆ ದಾನಿತ್ಸಾ ನಿವೃತ್ತಳಾಗಿ, ತಿಂಕಾರಾ ಎಂಬ ಹೊಸ ಹುಡುಗಿ ಬಂದಳು. ನಯವಾಗಿ ಮಾತಾಡುವವಳು, ಎಲ್ಲವನ್ನೂ ಓದಿದವಳು. ಕೊನೆಯ ಪುಸ್ತಕ ಎಲ್ಲರಿಗೂ ಒಂದೇ ಇರಲಿ, ಬಿಲ್ಲೆಯ ಸಂಜೆಯೇ ಎಲ್ಲರೂ ಕೂತು ಅದರ ಬಗ್ಗೆ ಮಾತಾಡೋಣ ಎಂದಳು. ಬಿಸಿನೀರಿನ ಬುಗ್ಗೆಯ ಊರೊಂದರಲ್ಲಿ ಶ್ರೀಮಂತ ವಿಧವೆಯೊಬ್ಬಳ ಕೊಲೆಯಾಗುವ ಕಾದಂಬರಿ ಅದು.

ಆ ಸಂಜೆ ಬೊಗೊಮಿರ್ ಇಸ್ತ್ರಿಯ ಕೋಟಿನಲ್ಲೇ ಬಂದರು. ಮೊದಲ ಮಾತು ಅವರದೇ ಎಂದು ಯಾರೂ ಹೇಳಿರಲಿಲ್ಲ. ಅವರೇ ಎದ್ದು ನಿಂತರು. ವಿಧವೆಯ ಕೋಣೆಯನ್ನು ಚೆನ್ನಾಗಿಯೇ ವರ್ಣಿಸಿದರು. ಎಂದಿನಂತೆ ಅರ್ಧಕ್ಕೆ ನಿಲ್ಲಿಸಿ, ಯಾರಾದರೂ ಕಿವಿ ಮುಚ್ಚಿಕೊಳ್ಳಲಿ ಎಂದು ಕಾದರು. ಯಾರೂ ಮುಚ್ಚಿಕೊಳ್ಳಲಿಲ್ಲ.

"ಹೇಳಿ ಲೇಬಾನ್ ಅವರೇ," ಎಂದಳು ತಿಂಕಾರಾ. "ಇಲ್ಲಿ ಎಲ್ಲರೂ ಓದಿದ್ದಾರೆ, ಪರವಾಗಿಲ್ಲ. ಕೊಲೆಗಾರ ಯಾರು ಅಂತ ನಿಮಗೆ ಯಾವಾಗ ಗೊತ್ತಾಯ್ತು?"

"ಔಷಧಿ ಅಂಗಡಿಯವನು ಅಂತ ನನಗೆ ಮೊದಲ ಪುಟಗಳಲ್ಲೇ ಗೊತ್ತಾಯ್ತು," ಎಂದರು ಬೊಗೊಮಿರ್, ಗುಂಡಿ ಸರಿಮಾಡಿಕೊಳ್ಳುತ್ತಾ.

ಪೊತಿತ್ಸಾ ಅಗಿಯುತ್ತಿದ್ದ ಬಾಯಿಗಳು ನಿಂತವು.

"ಪಾಪ, ಅವನೇ ಸತ್ತುಹೋಗ್ತಾನಲ್ಲೋ," ಎಂದಳು ಸ್ಲಾವಿತ್ಸಾ.

"ಸತ್ತೋನು ಸಾಯೋಕೆ ಮುಂಚೆ ಕೊಲೆ ಮಾಡಬಾರದಾ?"

"ಮಾಡಬಹುದು," ಎಂದಳು ತಿಂಕಾರಾ ಸಮಾಧಾನದಿಂದ. "ಆದರೆ ಮೂರನೇ ಕೊಲೆ ಆಗೋ ಹೊತ್ತಿಗೆ ಅವನನ್ನ ಹೂಳಿಬಿಟ್ಟಿದ್ರು."

"ಮೂರಾ?" ಎಂದುಬಿಟ್ಟರು ಬೊಗೊಮಿರ್.

ಆಡಿದ ಮೇಲೆ ಅವರಿಗೆ ಹೊಳೆಯಿತು. ಉಳಿದವರಿಗೆ ಆಗಲೇ ಹೊಳೆದಿತ್ತು.

"ಲೋ ಬೊಗೊಮಿರಾ, ನೀನು ಯಾವ ಸ್ಟೇಷನ್ನಲ್ಲಿ ಇಳಿದುಬಿಟ್ಯೋ?" ಎಂದಳು ಸ್ಲಾವಿತ್ಸಾ.

ತಿಂಕಾರಾ ದನಿ ತಗ್ಗಿಸಿ ಕೇಳಿದಳು: "ಪುಸ್ತಕ ಪೂರ್ತಿ ಓದಿದ್ದೀರಾ, ಲೇಬಾನ್ ಅವರೇ?"

ಬೊಗೊಮಿರ್ ಕಿಟಕಿಯ ಕಡೆ ತಿರುಗಿದರು. ಹೊರಗೆ ಕೆರೆಯ ಮೇಲೆ ನಾಲ್ಕಾರು ಬಾತುಕೋಳಿಗಳು ತೇಲುತ್ತಿದ್ದವು. ಅವರು ಅವುಗಳನ್ನು ವಿಪರೀತ ಆಸಕ್ತಿಯಿಂದ ನೋಡತೊಡಗಿದರು.

ಮೊದಲು ನಕ್ಕವಳು ಮಿಲ್ಕಾ. ಆಮೇಲೆ ಇಡೀ ಕೋಣೆ ನಕ್ಕಿತು. ಅವರ ಸಿದ್ಧಾಂತ ಅಷ್ಟು ಚೆನ್ನಾಗಿ ರುಜುವಾತಾದದ್ದು ಅದೇ ಮೊದಲು. ಚಿನ್ನದ ಬಣ್ಣದ ಬಿಲ್ಲೆ ಡಬ್ಬಿಯಲ್ಲೇ ಉಳಿಯಿತು. ಬೊಗೊಮಿರ್ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದರು.

ಮುಂದಿನ ಕೆಲವು ದಿನ ಅವರು ರೈಲು ನಿಲ್ದಾಣದ ಬೆಂಚಿನ ಮೇಲೆ ಕಂಡರು. ರೈಲು ಬಂದರೂ ತಲೆ ಎತ್ತುತ್ತಿರಲಿಲ್ಲ. ಆಮೇಲೊಂದು ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆರೆಯುವ ಮೊದಲೇ ಕೆಂಪು ಮುಖ ಮಾಡಿಕೊಂಡು ಬಂದು ನಿಂತಿದ್ದರು.

"ಇದನ್ನ ಬರೆದೋನಿಗೆ ರೈಲ್ವೆ ಅಂದ್ರೆ ಏನು ಗೊತ್ತಮ್ಮಾ?" ಎಂದು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು. "ಟಿಕೆಟ್ ತಪಾಸಣೆಯೋನು ಕೊಲೆ ಮಾಡ್ತಾನಾ? ಎರಡನೇ ಪುಟದಲ್ಲೇ ಎಲ್ಲರ ಟಿಕೆಟ್ ನೋಡಿ, ಟೋಪಿ ತೆಗೆದು ನಮಸ್ಕಾರ ಹೇಳ್ತಾನೆ. ಅಂಥೋನ ಮೇಲೆ ಯಾರಾದ್ರೂ ಅನುಮಾನ ಪಡ್ತಾರಾ?"

"ಯಾರೂ ಪಡಲ್ಲ. ಅದಕ್ಕೇ ಅಲ್ವಾ ಅವನು ಅಲ್ಲಿರೋದು?" ಎಂದಳು ತಿಂಕಾರಾ. "ಅಂದ್ರೆ ಪೂರ್ತಿ ಓದಿದ್ರಿ."

"ಓದಿದೆ. ಮೂರೂ ಕೊಲೆ."

ಅವಳು ಹೊಸ ಚೀಟಿ ತೆಗೆದು ಅವರ ಹೆಸರು ಬರೆದು, ಮೊದಲನೆಯ ಸಾಲಿಗೆ ಸಹಿ ಹಾಕಿದಳು. ಮೊದಲ ವರ್ಷ, ಮೊದಲ ಪುಸ್ತಕ. ಬೊಗೊಮಿರ್ ಅದನ್ನು ಟಿಕೆಟ್ ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿ ಜೇಬಿಗಿಟ್ಟರು.

ಬಾಗಿಲಲ್ಲಿ ಸ್ಲಾವಿತ್ಸಾ ಎದುರಾದಳು. ತನ್ನ ಫೋಟೋದ ಪಕ್ಕದ ಬರಿಯ ಮೊಳೆಯನ್ನು ತೋರಿಸಿ, "ಕೀಳಿಸಲಾ, ಬಿಡಲಾ?" ಎಂದು ಕೇಳಿದಳು.

"ಇರಲಿ," ಎಂದರು ಬೊಗೊಮಿರ್. "ಮೊಳೆ ಗಟ್ಟಿಯಾಗೇ ಹೊಡೆದಿದ್ದೀನಿ. ಇನ್ನು ಹತ್ತು ವರ್ಷ ನೀನೂ ಗಟ್ಟಿಯಾಗಿರು, ಸಾಕು."