ವೈರಿಗೆ ಕಟ್ಟಿದ ತೇಗದ ಸೂರು

ಮಕ್ತಲ್‌ನ ಬೇಸಿಗೆ ಸುತ್ತಲಿನ ಊರುಗಳಿಗಿಂತ ಒಂದು ಕೈ ಹೆಚ್ಚು. ಹವಾಮಾನದವರು ಅದಕ್ಕೆ ಏನೇನೋ ಕಾರಣ ಕೊಡುತ್ತಾರೆ. ನಿಜ ಗೊತ್ತಿರುವುದು ಊರವರಿಗೆ: ಅದು ಬೀಜ-ಗೊಬ್ಬರದ ಅಂಗಡಿಯ ಕಾಂತೇಶನ ಹೊಟ್ಟೆಕಿಚ್ಚು. ಅದು ಹೊತ್ತಿಕೊಂಡಾಗ ಕೃಷ್ಣೆಯ ನೀರು ಗೇಣುದ್ದ ಇಳಿಯುತ್ತದೆಂದೂ, ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳ ತಾನಾಗಿ ಸುಟ್ಟುಕೊಂಡು ಊಟಕ್ಕೆ ಸಿದ್ಧವಾಗುತ್ತದೆಂದೂ ಪ್ರತೀತಿ. ಪಕ್ಕದ ಮನೆಯ ಶೇಖಮ್ಮ ಸಂಡಿಗೆ ಹಾಕುವ ಮುಂಚೆ ಆಕಾಶ ನೋಡುವುದಿಲ್ಲ, ಕಾಂತೇಶನ ಮುಖ ನೋಡುತ್ತಾಳೆ.

ಹಾಗಂತ ಪರರ ಹೊಲ, ಮನೆ, ಕಾರು ನೋಡಿ ಉರಿಯುವ ಸಾಮಾನ್ಯ ಕಿಚ್ಚಲ್ಲ ಅದು. ಅವೆಲ್ಲ ಯಾರಿಗಿದ್ದರೂ ಆತನಿಗೆ ಸಂತೋಷವೇ. ಆತನಿಗೆ ಬೇಕಾದದ್ದು ಹೆಂಡತಿ ಗಂಗಾಂಬಿಕಾಳ ಗಮನ, ಅಷ್ಟೇ. ಆಕೆ ಒಲೆಯ ಮೇಲಿನ ಹಾಲನ್ನು ಎವೆಯಿಕ್ಕದೆ ನೋಡಿದರೆ ಹಾಲಿನ ಮೇಲೆ ಮುನಿಸು. ಟಿವಿಯಲ್ಲಿ ವಾರ್ತೆ ಓದುವವನನ್ನು ನೋಡಿದರೆ ಅವನ ಮೀಸೆ ಸುಳ್ಳು ಮೀಸೆ. ಇಂಥ ವೀರನ ಮನೆಗೆ ವೈರಿಯೊಬ್ಬ ನೀರಿನ ದಾರಿಯಿಂದ ಬಂದ.

ಮಗಳು ಉಮಾಶ್ರೀ ಮದುವೆಯಾಗಿ ಗದ್ವಾಲಕ್ಕೆ ಹೋಗುವಾಗ ತನ್ನ ಗಾಜಿನ ಮೀನುತೊಟ್ಟಿಯನ್ನು ತಾಯಿಯ ವಶಕ್ಕೆ ಕೊಟ್ಟಳು. ಅದರಲ್ಲಿದ್ದದ್ದು ಒಂದೇ ಮೀನು: ಅಂಗೈಯಗಲದ ಕಪ್ಪು ಮೈ, ಅದರ ತುಂಬ ಕೆಂಡದ ಚುಕ್ಕೆ. ಗಂಗಾಂಬಿಕಾ ಹತ್ತಿರ ಬಂದರೆ ಸಾಕು, ಗಾಜಿಗೆ ಮೂತಿ ಹಚ್ಚಿ ಬಾಲ ಆಡಿಸುತ್ತಿತ್ತು. ಆಕೆ ಅದಕ್ಕೆ ರಾಜಾ ಎಂದು ಹೆಸರಿಟ್ಟಳು.

“ನನಗ ಒಂದಿನಾರ ರಾಜಾ ಅಂದೀಯೇನು?” ಎಂದ ಕಾಂತೇಶ.

“ನೀವು ಒಂದಿನಾರ ನನ್ನ ನೋಡಿ ಬಾಲ ಆಡಿಸೀರೇನು?” ಎಂದಳು ಆಕೆ.

ಬೇರೆ ಮನೆಯಾಗಿದ್ದರೆ ‘ಸಾರು ಮಾಡಿಬಿಟ್ಟೇನು’ ಎಂದು ವೈರಿಯನ್ನು ಹೆದರಿಸಬಹುದಿತ್ತು. ಕಾಂತೇಶನದು ತಲೆತಲಾಂತರದಿಂದ ಮೊಟ್ಟೆಯನ್ನೂ ಒಡೆಯದ ಮನೆತನ. ಮೀನಿಗೆ ಇದು ಚೆನ್ನಾಗಿ ಗೊತ್ತಿದ್ದಂತೆ ಕಾಣುತ್ತಿತ್ತು. ಆತನತ್ತ ಒಂದು ಕಣ್ಣು ಹೊರಳಿಸಿ, ಬಾಯಿ ತೆರೆದು ಮುಚ್ಚಿ, ಬೆನ್ನು ತಿರುಗಿಸಿಬಿಡುತ್ತಿತ್ತು.

ಒಂದು ಮಧ್ಯಾಹ್ನ ಗಂಗಾಂಬಿಕಾ ಹಿತ್ತಿಲಲ್ಲಿದ್ದಾಗ ರಾಜಾ ತೊಟ್ಟಿಯಿಂದ ಹಾರಿ ಪಡಸಾಲೆಯ ಹಾಸುಬಂಡೆಯ ಮೇಲೆ ಬಿದ್ದ. ಎದುರಿಗೆ ಕಾಂತೇಶ ಒಬ್ಬನೇ. ವೈರಿ ಕಾಲ ಬಳಿ ಪಟಪಟ ಬಡಿದುಕೊಳ್ಳುತ್ತಿದ್ದಾನೆ. ಸುಮ್ಮನೆ ನಿಂತರೆ ಸಾಕು, ಯುದ್ಧ ಮುಗಿದಂತೆ. ಆದರೆ ಸತ್ತ ರಾಜಾನಿಗಾಗಿ ಆಕೆ ಎಷ್ಟು ಕಾಲ ಅಳಬಹುದೆಂದು ಆತ ಎಣಿಕೆ ಹಾಕಿದ. ಬದುಕಿದ ವೈರಿಯೇ ಮೇಲು ಅನ್ನಿಸಿತು. ಹೆಗಲ ಮೇಲಿನ ಟವೆಲಿನಲ್ಲಿ ಬಾಚಿ ನೀರಿಗೆ ಹಾಕಿದ. ಆಕೆ ಓಡಿಬಂದು ಕೇಳಿದ್ದು ಒಂದೇ: “ನಿಮ್ಮ ಆ ಒರಟು ಟವೆಲ್ಲಿನಾಗ ಹಿಡದ್ರೇನ್ರೀ? ಮೈ ತರಚೇತೇನೋ ನೋಡ್ರಿ ಅದರದು!”

ತೊಟ್ಟಿಗೆ ಮುಚ್ಚಳ ಬೇಕಾಯಿತು. ಗದ್ವಾಲದಿಂದ ಪ್ಲಾಸ್ಟಿಕ್ಕಿನದು ತರಿಸೋಣ ಎಂದಳು ಗಂಗಾಂಬಿಕಾ. ಕಾಂತೇಶ ಎದೆ ಸೆಟೆಸಿದ. “ನಾನ ಮಾಡ್ತೀನಿ. ಕಟ್ಟಿಗೀದು. ಒಳಗ ಲೈಟ್ ಇರೋದು.” ಆತನ ಲೆಕ್ಕ ಸರಳ: ಮುಚ್ಚಳ ನೋಡಿದಾಗಲೆಲ್ಲ ಆಕೆ ಮಾಡಿದವನನ್ನು ನೆನೆಯಬೇಕು.

ಮರುದಿನವೇ ನಾರಾಯಣಪೇಟೆಗೆ ಹೋಗಿ ಆಟೋದಲ್ಲಿ ಒಂದು ಹಳೆಯ ಮಗ್ಗದ ತೇಗದ ತೊಲೆಗಳನ್ನು ಹೇರಿಕೊಂಡು ಬಂದ. ಬಾಗಿಲಲ್ಲಿ ನಿಂತು ನೋಡಿದ ಶೇಖಮ್ಮ ಕೂಗಿದಳು: “ಗಂಗಕ್ಕಾ, ನಾರಾಯಣಪೇಟೆಗೆ ಹೋದ ಗಂಡಸ್ರು ಸೀರಿ ತರ್ತಾರ. ನಿಮ್ಮವ್ರು ಮಗ್ಗಾನ ತಂದಾರ ನೋಡವಾ!”

ತಿರುಪತಿ ಎಂಬ ಬಡಗಿಯಿಂದ ಗರಗಸ, ಕಟ್ಟಿಗೆ ನುಣುಪು ಮಾಡುವ ರಂದಾ ಕಡ ತಂದು ಅಂಗಳದಲ್ಲಿ ಕೆಲಸ ಹೂಡಿದ. ತಳವಿಲ್ಲದ ಪೆಟ್ಟಿಗೆ; ತೊಟ್ಟಿಯ ತಲೆಗೆ ಟೋಪಿಯ ಹಾಗೆ ಕೂರಬೇಕು. ಮೊದಲ ಪೆಟ್ಟಿಗೆ ತೊಟ್ಟಿಗಿಂತ ಬೆರಳಗಲ ಚಿಕ್ಕದಾಯಿತು. ಅದರಲ್ಲಿ ಈಗ ಶೇಖಮ್ಮನ ಕೋಳಿ ಕಾವು ಕೂತಿದೆ. ಎರಡನೆಯದು ಕೂತಿತು. ನೀರಿನ ಆವಿಗೆ ಕಟ್ಟಿಗೆ ಉಬ್ಬಬಾರದೆಂದು ಒಳಗೆಲ್ಲ ವಾರ್ನಿಷ್ ಬಳಿದ, ಅದರ ಮೇಲೆ ಬೆಳಕು ಚೆಲ್ಲಲೆಂದು ಬಿಳಿ ಬಣ್ಣ. ಸೆಕೆ ಹೋಗಲು ಹಿಂದೆ ತೂತು ಕೊರೆದ. ನೀರು ತಾಗಿದರೂ ಕೆಡದ ಎಲ್‌ಇಡಿ ಪಟ್ಟಿಯನ್ನು ಒಳಮೈಗೆ ಅಂಟಿಸಿದ. ಹೊರಗೆ ತೇಗದ ಮೈಗೆ ಎಣ್ಣೆ ಉಜ್ಜಿ ಉಜ್ಜಿ, ಅದರಲ್ಲಿ ತನ್ನ ಮೀಸೆ ಕಾಣುವವರೆಗೆ ಬಿಡಲಿಲ್ಲ.

ಸಂಜೆ ಸ್ವಿಚ್ ಒತ್ತಿದ. ಕತ್ತಲ ಪಡಸಾಲೆಯಲ್ಲಿ ನೀರು ಹಸಿರಾಗಿ ಬೆಳಗಿತು. ಮಧ್ಯದಲ್ಲಿ ರಾಜಾ ಮೈತುಂಬ ಕೆಂಡ ಹೊತ್ತು, ಮೆರವಣಿಗೆಯ ಮದುಮಗನ ಹಾಗೆ ತೇಲಿಬಂದ. ಗಂಗಾಂಬಿಕಾ ಎರಡೂ ಕೈ ಕೆನ್ನೆಗಿಟ್ಟುಕೊಂಡಳು. ಕಾಂತೇಶ ಉಸಿರು ಬಿಗಿಹಿಡಿದ.

“ಅಯ್ಯ ನನ್ನ ರಾಜಾ! ಎಷ್ಟು ಚಂದ ಕಾಣಾಕತ್ತೀಯೋ!”

ಓಣಿಯ ಹೆಂಗಸರೆಲ್ಲ ಬಂದರು, ಮೀನನ್ನು ಹೊಗಳಿದರು, ಚಹಾ ಕುಡಿದು ಹೋದರು. ತೇಗದ ಬಗ್ಗೆ ಒಬ್ಬರೂ ಸೊಲ್ಲೆತ್ತಲಿಲ್ಲ. ಸ್ವಂತ ಕೈಯಿಂದ ವೈರಿಗೆ ಅಂಬಾರಿ ಕಟ್ಟಿಕೊಟ್ಟ ಶೂರ ಆ ದಿನ ಒಂದು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಕೃಷ್ಣೆ ಖಂಡಿತ ಇಳಿದಿರಬೇಕು.

ಮರುದಿನ ಬೆಳಿಗ್ಗೆ ಗಂಗಾಂಬಿಕಾ ಮೀನಿಗೆ ಕಾಳು ಹಾಕಲು ಹೋದಳು. ಮುಚ್ಚಳ ಎತ್ತಿದಳು. ಅದು ಅಲುಗಲಿಲ್ಲ. ಸೆರಗು ಸಿಕ್ಕಿಸಿ ಮತ್ತೆ ಎತ್ತಿದಳು. ಮಗ್ಗದ ತೇಗ ಜಗ್ಗಲಿಲ್ಲ.

“ಏನ್ರೀ... ಸ್ವಲ್ಪ ಬರ್ರಿಲ್ಲಿ! ನೀವಿಲ್ಲದ ಇದು ಏಳಂಗಿಲ್ಲ.”

ಅಂಗಡಿಗೆ ಹೊರಟಿದ್ದ ಕಾಂತೇಶ ಬಂದ. ಎತ್ತಿದ. ಆಕೆ ಕಾಳು ಹಾಕುವಷ್ಟು ಹೊತ್ತು ಎತ್ತಿ ಹಿಡಿದು ನಿಂತ. ಆತನ ತೋಳಿನ ನರ ಉಬ್ಬಿದ್ದನ್ನು ಆಕೆ ನೋಡಿದಳು. “ಹೆಂಗೂ ಬಂದೀರಿ, ಚಾ ಕುಡದ ಹೋಗ್ರಿ,” ಎಂದಳು.

ಅಂದಿನಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕರೆ ಬರತೊಡಗಿತು. ಅಂಗಡಿಯಲ್ಲಿ ರೈತರು ಹತ್ತಿಬೀಜ ಕೇಳುತ್ತ ನಿಂತಿದ್ದರೂ ಫೋನ್ ಬಂದರೆ ಕಾಂತೇಶ ಎದ್ದ. ಐಜದಲ್ಲಿ ಅಣ್ಣನ ಮಗನ ಮದುವೆ ಇದ್ದಾಗ ಅಕ್ಕಿಕಾಳು ಬಿದ್ದದ್ದೇ ತಡ, ಊಟಕ್ಕೂ ನಿಲ್ಲದೆ ಬಸ್ ಹತ್ತಿದ. ಊರಲ್ಲಿ ಇದಕ್ಕೆ ದೊಡ್ಡ ದೊಡ್ಡ ವ್ಯಾಖ್ಯಾನ ಹುಟ್ಟಿದವು: ಆತನಿಗೆ ಮೀನಿನ ಮೇಲೆ ಕರುಣೆ ಬಂದಿದೆ ಎಂದರು ಕೆಲವರು, ತೊಟ್ಟಿಯ ಹಿಂದೆ ನಿಧಿ ಇಟ್ಟಿದ್ದಾನೆ ಎಂದರು ಉಳಿದವರು.

ತನ್ನ ಗರಗಸ, ರಂದಾ ವಾಪಸು ಒಯ್ಯಲು ತಿರುಪತಿ ಬಂದಾಗ ಕಾಂತೇಶ ಮುಚ್ಚಳ ಹಿಡಿದು ಬೆವರುತ್ತ ನಿಂತಿದ್ದ. ಕಾಳು ಹಾಕಿ ಗಂಗಾಂಬಿಕಾ ಚಹಾ ತರಲು ಒಳಹೋದಳು. ತಿರುಪತಿ ಮುಚ್ಚಳವನ್ನು ಸುತ್ತಲೂ ನೋಡಿ ತಲೆ ಚಚ್ಚಿಕೊಂಡ.

“ಕಾಂತೇಶಣ್ಣಾ, ಇದೇನು ಶಿಕ್ಷಾ ನಿನಗ? ಮುಂದಿನ ಹಲಗಿ ಕೊಯ್ದು ಎರಡು ಬಿಜಾಗರಿ ಬಡಿದ್ರ ಕಿಟಕಿ ಬಾಗಿಲದಂಗ ತೆರೀತೈತಿ. ಅಕ್ಕ ಒಂದು ಬೆರಳಲೆ ತೆಗೀತಾಳ. ಈಗ ಮಾಡಿಕೊಡ್ಲೇನು?”

ಕಾಂತೇಶ ಅಡುಗೆಮನೆಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದ.

“ಬ್ಯಾಡಪಾ. ಆಮ್ಯಾಲ ನನ್ನ ಯಾರು ಕರೀತಾರ?”