ಮೀಟಿಂಗಿನಲ್ಲಿ ಒಡಪು

ಕಳೆದ ಶುಕ್ರವಾರ ಹೈದರಾಬಾದಿನ ನಾಂಪಲ್ಲಿಯ ಪರಿಚಯದವರ ಮನೆಯಲ್ಲಿ ಕುಬಸ. ಬಸುರಿ ಶ್ರುತಿ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ಸುತ್ತ ಅವಳ ತಾಯಿ, ಕಲಬುರ್ಗಿಯಿಂದ ಬಂದ ಇಬ್ಬರು ಚಿಕ್ಕಮ್ಮಂದಿರು, ಪಕ್ಕದ ಮನೆಯ ತೆಲುಗು ಹೆಂಗಸರು, ಮತ್ತೆ ನಾನು. ಉಡಿ ತುಂಬಿದ ಮೇಲೆ ದೊಡ್ಡ ಚಿಕ್ಕಮ್ಮ, “ಹೆಸರ ಹೇಳವ್ವಾ, ಹೇಳದ ಏಳಾಕ ಬಿಡಂಗಿಲ್ಲ” ಎಂದು ಪಟ್ಟು ಹಿಡಿದರು.

ನಿಮ್ಮ ಕಡೆ ಈ ಪದ್ಧತಿ ಇದೆಯೋ ಇಲ್ಲವೋ. ನಮ್ಮಲ್ಲಿ ಗಂಡನ ಹೆಸರನ್ನು ಸುಮ್ಮನೆ ಹೇಳಿಬಿಡುವುದಿಲ್ಲ. ಎರಡು ಸಾಲಿನ ಪ್ರಾಸ ಕಟ್ಟಿ, ಕೊನೆಗೆ ಹೆಸರು ತರಬೇಕು. ಅದಕ್ಕೆ ಒಡಪು ಅನ್ನುತ್ತೇವೆ. ಶ್ರುತಿ ಹೇಳಿದಳು, ಎಲ್ಲರೂ ನಕ್ಕರು. ನಾನು ಸ್ವಲ್ಪ ಹೆಚ್ಚೇ ನಕ್ಕೆ. ನನ್ನ ಒಡಪು ಒಮ್ಮೆ ಹೋಗಬಾರದ ಜಾಗಕ್ಕೆ ಹೋಗಿತ್ತು.

ಒಡಪು ಹೇಳುವುದನ್ನು ನಾನು ಅಜ್ಜಿಯ ಪಕ್ಕ ಕೂತು ಕಲಿತವಳು. ಮದುವೆಯಾಗಿ ಹೈದರಾಬಾದಿಗೆ ಬಂದ ಮೇಲೆ ಅರಿಶಿನ ಕುಂಕುಮಕ್ಕೆ ಕರೆದಲ್ಲೆಲ್ಲ ನನ್ನದೊಂದು ಒಡಪು ಇದ್ದೇ ಇರುತ್ತಿತ್ತು:

“ಚಾದಾಗ ಹಾಕೀನಿ ಶುಂಠಿ, ಯಾಲಕ್ಕಿ, ಲವಂಗ,
ಹಾದಿ ನೋಡಾಕತ್ತೀನಿ, ಬರ್ರಿ ಪಾಂಡುರಂಗ!”

ಇಷ್ಟು ಗಟ್ಟಿ ಗಂಟಲಿನವಳು ಆಫೀಸಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ನಮ್ಮದು ಬಸ್ಸಿನ ಟಿಕೆಟ್ ಮಾರುವ ಆ್ಯಪ್. ಕೆಲವು ವರ್ಷಗಳ ಹಿಂದೆ ಒಂದೇ ಸೀಟು ಇಬ್ಬರಿಗೆ ಹೋಗಲು ಶುರುವಾಯಿತು. ಬಸ್ಸುಗಳಲ್ಲಿ ಜಗಳವೋ ಜಗಳ. ತಪ್ಪು ಎಲ್ಲಿದೆಯೆಂದು ಹುಡುಕಿ ಸರಿಮಾಡಿದವಳು ನಾನು. ಆದರೆ ಮೀಟಿಂಗಿನಲ್ಲಿ ಯಾರಾದರೂ ಕೇಳಿದರೆ, ಜೊತೆಗೆ ಕೆಲಸ ಮಾಡುವ ವಿಕ್ರಮನ ಕಡೆ ತಿರುಗಿ “ನೀವೇ ಹೇಳಿಬಿಡಿ” ಅನ್ನುತ್ತಿದ್ದೆ. ಪಾಪ, ಅವನು ಹೇಳುತ್ತಿದ್ದ. ಕೇಳಿದವರಿಗೆ ಹೇಳಿದವನ ಮುಖ ನೆನಪಿರುತ್ತಿತ್ತು.

ಹೊಸ ತಂಡವೊಂದಕ್ಕೆ ಮುಖ್ಯಸ್ಥರನ್ನು ಆರಿಸುವ ಹೊತ್ತು ಬಂತು. ಆ ಜಾಗ ನನಗೆ ಬೇಕಿತ್ತು. ಬೇಕೆಂದು ಯಾರಿಗೂ ಹೇಳಿರಲಿಲ್ಲ, ಅಷ್ಟೇ. ಮ್ಯಾನೇಜರ್ ಸುನೀತಾ ಮೇಡಂ ನನ್ನನ್ನು ಕರೆದು, “ಪೈವಾಳ್ಳಕು ನೀ ಪೇರೇ ತೆಲೀದಮ್ಮಾ” ಎಂದರು. ಮೇಲಿನವರಿಗೆ ನನ್ನ ಹೆಸರೇ ಗೊತ್ತಿಲ್ಲವಂತೆ. ಡೈರೆಕ್ಟರುಗಳ ಮುಂದೆ ಹತ್ತು ನಿಮಿಷ ಮಾತಾಡಲು ನನಗೆ ಅವಕಾಶ ಕೊಡಿಸಿದರು.

ಮನೆಯಲ್ಲಿ ಒಗ್ಗರಣೆ ಹಾಕುತ್ತ ಮಾತು ರೂಢಿ ಮಾಡಿಕೊಳ್ಳುತ್ತಿದ್ದೆ. ಅತ್ತೆ ಬಂದು ನಿಂತರು.

“ಏನವ್ವಾ, ಒಳಗೊಳಗ ಗುಣುಗುಟ್ಟಾಕತ್ತೀ?”

ಸಂಗತಿ ಹೇಳಿ, ಭಾಷಣವನ್ನು ಕನ್ನಡದಲ್ಲಿ ಒಪ್ಪಿಸಿದೆ.

“ಎಲ್ಲಾ ಚಲೋ ಐತಿ. ನಿನ್ನ ಹೆಸರ ಎಲ್ಲಿ ಬಂತು?”

“ಮೊದಲ ಹೇಳಿದ್ನೆಲ್ರೀ ಅತ್ಯಾರ.”

“ನಂಗ ಕೇಳಸ್ಲಿಲ್ಲ, ನುಂಗಿಬಿಟ್ಟಿ. ಗಂಡನ ಹೆಸರ ಓಣಿಗೆಲ್ಲಾ ಕೇಳೂ ಹಂಗ ಹೇಳ್ತಿ, ನಿನ್ನ ಹೆಸರಿಗೇನು ನೆಗಡಿ ಬಂದೈತೇನು? ಒಡಪಿನಾಗ ಮಾಡಿದಂಗ ಮಾಡು. ಎಲ್ಲಾರನೂ ಕಾಯಸು, ಹಿರ್ಯಾರ ಮಾರಿ ನೋಡು, ಕಡೀಕ ಹೆಸರ ಬಿಡು.”

ಸರಿಯೆನಿಸಿತು. ವಾರವೆಲ್ಲ ಹಾಗೇ ಅಭ್ಯಾಸ ಮಾಡಿದೆ, ಲಯ ಕೂಡಲೆಂದು ಒಮ್ಮೆ ಒಡಪು, ಒಮ್ಮೆ ಭಾಷಣ.

ಆ ದಿನ ವಿಡಿಯೊ ಕರೆಯ ಪರದೆಯಲ್ಲಿ ಮೇಲಿನವರು ಸಾಲಾಗಿ ಕೂತಿದ್ದರು. ವಿಕ್ರಮ್ “ನಾನು ಶುರು ಮಾಡಲಾ?” ಎಂದ. ಬೇಡ ಎಂದೆ. ಒಂದೇ ಸೀಟಿಗಾಗಿ ಇಬ್ಬರು ಗಂಡಸರು ಮೊಬೈಲು ಎತ್ತಿ ಹಿಡಿದು ಕಿತ್ತಾಡುವುದನ್ನು ಬಣ್ಣಿಸಿದೆ, ನಕ್ಕರು. ಒಂದೇ ಗಳಿಗೆಯಲ್ಲಿ ಇಬ್ಬರು ಕೇಳಿದರೆ ನಮ್ಮ ಯಂತ್ರ ಇಬ್ಬರಿಗೂ ಹೂಂ ಅನ್ನುತ್ತಿತ್ತು, ಈಗ ಮೊದಲು ಕೇಳಿದವರಿಗೆ ಮಾತ್ರ ಅನ್ನುತ್ತದೆ ಎಂದು ವಿವರಿಸಿದೆ. “ಇದನ್ನು ಹುಡುಕಿ ಸರಿಮಾಡಿದ್ದು...” ಎಂದು ತಡೆದೆ. ಎಲ್ಲರೂ ಕಾದರು. ಎಲ್ಲರಿಗಿಂತ ಹಿರಿಯರ ಮುಖ ನೋಡಿದೆ. ಗಟ್ಟಿಯಾಗಿ ಹೇಳಿದೆ:

“ಪಾಂಡುರಂಗ!”

ಹಿರಿಯರು ಪೆನ್ನು ತೆಗೆದು ಬರೆದುಕೊಂಡರು. “ಪಾಂಡುರಂಗ ಯಾವ ತಂಡದಲ್ಲಿದ್ದಾರೆ?” ಎಂದು ಕೇಳಿದರು.

ಸುನೀತಾ ಮೇಡಂ ಹಣೆಗೆ ಕೈ ಹಚ್ಚಿಕೊಂಡದ್ದು ಕಂಡಿತು. ವಿಕ್ರಮ್ ಬಾಯಿ ತೆರೆದ. ಅವನು ತೆರೆದ ಬಾಯಿ ನೋಡಿಯೇ ನನಗೆ ಧೈರ್ಯ ಬಂತು. ಈಗ ಸುಮ್ಮನಿದ್ದರೆ ನನ್ನ ಕೆಲಸ ಬ್ಯಾಂಕಿನಲ್ಲಿ ಕೂತ ಗಂಡನ ಪಾಲಾಗುತ್ತಿತ್ತು.

“ಅದು ನನ್ನ ಯಜಮಾನರ ಹೆಸರು ಸರ್, ಅವರಿಗೆ ನಮ್ಮ ಆ್ಯಪಿನಲ್ಲಿ ಟಿಕೆಟ್ ತೆಗೆಯಲೂ ಬರುವುದಿಲ್ಲ. ಈ ಕೆಲಸ ಮಾಡಿದವಳು ನಾನು” ಎಂದು ನನ್ನ ಹೆಸರನ್ನು ಅಡ್ಡಹೆಸರಿನ ಸಮೇತ ಹೇಳಿದೆ. ಹೊಸ ತಂಡ ನಡೆಸಬೇಕೆಂಬ ಆಸೆಯಿದೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿಬಿಟ್ಟೆ. ಹೇಗೂ ಮಾನ ಹೋಗಿತ್ತು, ಇನ್ನು ಉಳಿಸುವುದೇನಿತ್ತು? ಹಿರಿಯರು ನಗುತ್ತ ಬರೆದದ್ದನ್ನು ಹೊಡೆದುಹಾಕಿ, ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಕೇಳಿ ಬರೆದುಕೊಂಡರು.

ಮನೆಯಲ್ಲಿ ಇವರು, “ಹಂಗಾರ ನಂಗೂ ಪ್ರಮೋಷನ್ ಐತೇನು?” ಎಂದರು. ಅತ್ತೆ ಮಾತ್ರ ನಗಲಿಲ್ಲ. “ಕಡೀಕ ಹೇಳಿದ್ಯಲ್ಲಾ, ಬಿಡು” ಎಂದರು.

ಆ ಸಲ ಜಾಗ ಪುಣೆಯವನೊಬ್ಬನಿಗೆ ಹೋಯಿತು. ನನಗೆ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅಂದಿನಿಂದ ಪ್ರಶ್ನೆಗಳು ವಿಕ್ರಮನನ್ನು ಬಿಟ್ಟು ನೇರ ನನ್ನ ಬಳಿ ಬರತೊಡಗಿದವು, ನಾನೂ ತಿರುಗಿ ನೋಡುವುದನ್ನು ಬಿಟ್ಟೆ.

ಮರುವರ್ಷ ಪುಣೆಯವನು ಬೇರೆ ಕಂಪನಿಗೆ ಹೋದ. ಅತ್ತೆಯ ಜೊತೆ ಕೋಠಿಯ ಔಷಧಿ ಅಂಗಡಿಯಲ್ಲಿ ನಿಂತಿದ್ದಾಗ ಸುನೀತಾ ಮೇಡಂ ಫೋನ್ ಮಾಡಿ, ಮೇಲಿನವರು ನನ್ನನ್ನೇ ಹೆಸರು ಹಿಡಿದು ಕೇಳಿದರೆಂದೂ, ತಂಡ ನನಗೆ ಬಂತೆಂದೂ ಹೇಳಿದರು. ಅತ್ತೆಗೆ ಹೇಳಿದೆ. ಅಷ್ಟರಲ್ಲಿ ಅಂಗಡಿಯವನು ಬಿಲ್ಲು ಬರೆಯಲು ಕೂತು, “ಅಮ್ಮಾ, ನಾಮ್ ಕ್ಯಾ ಲಿಖೂಂ?” ಎಂದ. ಅತ್ತೆ ನನ್ನ ಹೆಸರು ಹೇಳಿದರು, ಹಿಂದೆ ನಿಂತವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ.