ಇಳಿಜಾರಿಗೆ ಒರಟು ಶೀಟೇ ಬೇಕು ಎಂದ ಅತ್ತಿಗೆ

ನಮ್ಮ ಅತ್ತಿಗೆಗೆ ಹೆದರಿಕೆ ಅನ್ನುವುದು ಹುಟ್ಟಿನಿಂದಲೇ ಇಲ್ಲ. ಅವರ ಪಾಲಿನದ್ದೂ ಸೇರಿ ನಮ್ಮಣ್ಣನಿಗೇ ಬಂದಿದೆ. ಹೊಂಡಗಳಿಂದ ನೀರು ಇಂಗದಂತೆ ಹಾಸುವ ದಪ್ಪ ಪ್ಲಾಸ್ಟಿಕ್ ಶೀಟುಗಳನ್ನು ಬಿಸಿ ಯಂತ್ರದಿಂದ ಬೆಸೆಯುವುದು ಅವರ ಕೆಲಸ; ಹನ್ನೆರಡು ವರ್ಷವಾಯಿತು. ಸೈಟಿನಲ್ಲಿ ಎಲ್ಲರ ಬಾಯಲ್ಲೂ ಅವರು ಇಸ್ತ್ರಿಯಕ್ಕ. ಶೀಟು ಹೊರುವವನು ನಾನು.

ಬಣ್ಣದ ಕಾರ್ಖಾನೆಯ ಕೊಳೆನೀರಿಗೆ ಹೊಸ ಹೊಂಡ ತೋಡಿದ್ದರು. ಅದರ ಕೆಳಗಿನ ತಗ್ಗಿನಲ್ಲೇ ನಮ್ಮ ಬೀದಿ, ನಾವು ಕುಡಿಯುವ ಬಾವಿ. ಬಂದ ಶೀಟೆಲ್ಲ ನುಣುಪು. ತಳಕ್ಕೆ ಅದು ಸರಿ, ಬೇಗ ಬೆಸೆಯಬಹುದು. ಕಡಿದಾದ ಬದಿಗಳಿಗೂ ಅದನ್ನೇ ಹಾಸಿ ಮೇಲೆ ಒಂದಡಿ ಮಣ್ಣು ಹೊದಿಸಿದರೆ, ಮೊದಲ ಮಳೆಗೇ ಮಣ್ಣು ಜಾರುತ್ತದೆ, ಶೀಟನ್ನೂ ಎಳೆದು ಬೆಸುಗೆ ಬಿಚ್ಚಿಸುತ್ತದೆ. ಆಮೇಲೆ ಕೊಳೆಯೆಲ್ಲ ಬಾವಿಗೇ. ಬದಿಗೆ ಮಣ್ಣನ್ನು ಕಚ್ಚಿ ಹಿಡಿಯುವ ಒರಟು ಶೀಟೇ ಆಗಬೇಕು.

ಪ್ರತಿ ಬೆಸುಗೆಯ ಪಕ್ಕ, ಬೆಸೆದವರು ಬಿಳಿ ಪೆನ್ನಿನಲ್ಲಿ ಹೆಸರು ಬರೆಯುವುದು ನಮ್ಮ ಕಸುಬಿನ ಪದ್ಧತಿ. ತಳದ ಬೆಸುಗೆಗಳಿಗೆಲ್ಲ ಅತ್ತಿಗೆ ಬರೆದರು. ಬದಿಗೆ ಬಂದಾಗ ಯಂತ್ರ ಆರಿಸಿ ಕೂತುಬಿಟ್ಟರು.

“ಇದರ ಮೇಲೆ ನನ್ನ ಹೆಸರು ಬೀಳಲ್ಲ ಸಾರ್.”

“ಎಂಜಿನಿಯರ್ ನೀನಾ, ನಾನಾ?” ಎಂದರು ಸೈಟಿನ ಉಸ್ತುವಾರಿಯ ಸಾಹೇಬರು. ಅವರ ಮನೆ ಊರಾಚೆ, ಅಲ್ಲಿ ನಲ್ಲಿ ನೀರು. ನನಗೆ ಪಿತ್ತ ನೆತ್ತಿಗೇರಿತು. ಆದರೂ ಬಾಯಿಂದ ಬಂದದ್ದು, “ಅತ್ತಿಗೆ, ಸುಮ್ನಿರಿ, ಕೆಲಸ ಹೋಗುತ್ತೆ,” ಅಂತ. ನಾಚಿಕೆಗೇಡಿ ನಾನು.

ಅತ್ತಿಗೆ ಕ್ಯಾರೇ ಅನ್ನಲಿಲ್ಲ. ಎರಡು ಹಲಗೆ ತರಿಸಿ, ಒಂದಕ್ಕೆ ನುಣುಪು ತುಂಡು, ಇನ್ನೊಂದಕ್ಕೆ ಹಳೆ ಸೈಟಿನಲ್ಲಿ ಉಳಿದಿದ್ದ ಒರಟು ತುಂಡು ಬಡಿದು, ಹೊಂಡದ ಬದಿಯಷ್ಟೇ ಓರೆಯಾಗಿ ಇಟ್ಟು, ಮೇಲೆ ಒದ್ದೆ ಮಣ್ಣು ಸುರಿದರು. ಒರಟಿನ ಮೇಲಿನದು ಕದಲಲಿಲ್ಲ. ನುಣುಪಿನ ಮೇಲಿನದು ಸೀದಾ ಸಾಹೇಬರ ಬೂಟಿನ ಮೇಲೆ. ಕೆಲಸ ನೋಡಲು ಬಂದು ಅಲ್ಲೇ ನಿಂತಿದ್ದ ಕಾರ್ಖಾನೆಯ ಮಾಲೀಕರು ಕಿಸಕ್ಕನೆ ನಕ್ಕರು. ಬದಿಗೆ ಒರಟು ಶೀಟು ತರಿಸಿ ಎಂದು ಹೇಳಿ ಹೋದರು.

ಶೀಟು ಬಂತು. ಅತ್ತಿಗೆಗೆ ಮಾತ್ರ ನಾಳೆಯಿಂದ ಬರಬೇಡ ಎಂದರು ಸಾಹೇಬರು, ಬೇರೆ ಬೆಸುಗೆಯವರನ್ನು ಕರೆಸಿದರು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ, ಅತ್ತಿಗೆ ಹೊಂಡದ ಬದಿಯಲ್ಲಿ ಮೊಣಕಾಲೂರಿ ಕೂತು, ಆ ಹೊಸಬರ ಬೆಸುಗೆಯ ಅಂಚನ್ನು ಸ್ಕ್ರೂಡ್ರೈವರ್‌ನಿಂದ ಕೆದಕಿ ನೋಡುತ್ತಿದ್ದಾರೆ.

“ನಿನ್ನ ಯಾರು ಕರೆದ್ರು? ಸಂಬಳ ಕೊಡಲ್ಲ,” ಎಂದರು ಸಾಹೇಬರು.

“ಕೇಳಿದ್ನಾ ಸಾರ್?” ಅತ್ತಿಗೆ ತಲೆಯೆತ್ತಲಿಲ್ಲ. “ನೀರು ಕುಡಿಯೋಳು ನಾನು. ಇಲ್ಲಿ ಬೆಸುಗೆ ಬಿಟ್ಟಿದೆ, ಮತ್ತೆ ಹಾಕ್ಸಿ.”